ಅವರೆಕಾಳಿನ ಒಳಗನ್ನು ಕಂಡ ವಿಜ್ಞಾನಿ ಕಮಲಾ ಸೋಹೋನಿ

ಪಿಯುಸಿ ಮುಗಿಸಿದ ಕೊಡಗಿನ ವಿದ್ಯಾರ್ಥಿನಿಯೊಬ್ಬಳು ಆಹಾರತಜ್ಞೆಯಾಗಲು ಬಯಸಿದರೆ ಆಕೆಯ ಮುಂದಿನ ದಾರಿ ಇಂದು ಬಹುಮಟ್ಟಿಗೆ ಸ್ಪಷ್ಟವಾಗಿದೆ. ಘಟ್ಟ ಇಳಿದು ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗಿ ಆಹಾರ ಮತ್ತು ಪೋಷಣಶಾಸ್ತ್ರದಲ್ಲಿ ಪದವಿ ಪಡೆಯಬೇಕು. ಅನಂತರ ಸ್ನಾತಕೋತ್ತರ ಪದವಿ ಇಲ್ಲವೇ ಡಿಪ್ಲೊಮಾ, ಅದರ ಬೆನ್ನಿಗೆ ಆಸ್ಪತ್ರೆಯೊಂದರ ಪಥ್ಯಾಹಾರ ವಿಭಾಗದಲ್ಲಿ ತರಬೇತಿ, ಕೊನೆಗೆ ಭಾರತೀಯ ಡಯಟೆಟಿಕ್ ಸಂಘ ನಡೆಸುವ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವರು ನೋಂದಾಯಿತ ಡಯಟೀಷಿಯನ್ ಎನಿಸಿಕೊಳ್ಳುತ್ತಾರೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಪೋಷಣಶಾಸ್ತ್ರಜ್ಞರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡು ಈ ವೃತ್ತಿಗೆ ಕಾನೂನಿನ ಮಾನ್ಯತೆಯನ್ನು ನೀಡಿತು. ಈ ಮೆಟ್ಟಿಲುಗಳಲ್ಲಿ ಎಲ್ಲಿಯೂ, ನೀನು ಹೆಣ್ಣು, ನಿನಗೆ ಪ್ರವೇಶವಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಾಗೆ ನೋಡಿದರೆ ಈ ತರಗತಿಗಳಲ್ಲಿ ಗಂಡುಮಕ್ಕಳೇ ಅಪರೂಪ.

1933ರಲ್ಲಿ ಬೆಂಗಳೂರಿನಲ್ಲಿ ಅಂಥ ಮಾತನ್ನು ಕೇಳಬೇಕಾಗಿ ಬಂದಾಕೆ ಕಮಲಾ ಭಾಗವತ್. ಮುಂದೆ ಕಮಲಾ ಸೋಹೋನಿ ಎಂದು ಪ್ರಸಿದ್ಧರಾದ ಅವರು ಭಾರತೀಯರು ನಿತ್ಯ ಉಣ್ಣುವ ಬೇಳೆ, ಕಾಳು, ಹಾಲುಗಳನ್ನೇ ಪ್ರಯೋಗಶಾಲೆಯ ಮೇಜಿನ ಮೇಲಿಟ್ಟುಕೊಂಡು ದಶಕಗಳ ಕಾಲ ದುಡಿದರು.

ಕಮಲಾ ಜನಿಸಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಂದಿನಿಂದ ಕಂಡ ಮನೆಯ ಮತ್ತೊಬ್ಬ ಹಿರಿಯ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದರ ಆರಂಭದ ವರ್ಷಗಳಲ್ಲೇ ಓದಿದವರು. ಸೋದರಿ ದುರ್ಗಾ ಭಾಗವತ್ ಮುಂದೆ ಮರಾಠಿಯ ಹಿರಿಯ ಲೇಖಕಿಯಾಗಿ, ಜಾನಪದ ವಿದ್ವಾಂಸೆಯಾಗಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೇ ಸರ್ಕಾರವನ್ನು ಎದುರಿಸಿದ ಧೀರೆಯಾಗಿ ಹೆಸರಾದರು. ಇಂಥ ಮನೆಯಲ್ಲಿ ಓದು ಎಂಬುದು ಹೆಣ್ಣುಮಕ್ಕಳಿಗೆ ವಿಶೇಷವಾಗಿ ದಯಪಾಲಿಸಿದ ವರವಾಗಿರಲಿಲ್ಲ, ಸಹಜವಾಗಿ ಬಂದದ್ದು.

ಬೊಂಬಾಯಿ ವಿಶ್ವವಿದ್ಯಾನಿಲಯದಿಂದ 1933ರಲ್ಲಿ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳಲ್ಲಿ ಬಿ.ಎಸ್‌ಸಿ. ಮುಗಿಸಿದ ಕಮಲಾ ಪಟ್ಟಿಯ ಮೊದಲ ಹೆಸರಾಗಿದ್ದರು. ತಂದೆ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಅರ್ಜಿ ಹಾಕಿದರು. ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದವರು ಸರ್ ಸಿ.ವಿ. ರಾಮನ್; ನೊಬೆಲ್ ಪ್ರಶಸ್ತಿ ಬಂದು ಮೂರು ವರ್ಷವಾಗಿತ್ತಷ್ಟೆ, ಆ ಪೀಠವನ್ನೇರಿದ ಮೊದಲ ಭಾರತೀಯರೂ ಅವರೇ. ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆ ಇರಲಿಲ್ಲ. ಅರ್ಜಿದಾರಳು ಹೆಂಗಸು ಎಂಬುದೊಂದೇ ಕಾರಣ. ತಂದೆ ಮತ್ತು ಬಂಧುಗಳು ಮಾಡಿಕೊಂಡ ಮನವಿಗೂ ರಾಮನ್ ಕರಗಲಿಲ್ಲ.

ಕಮಲಾ ಬೊಂಬಾಯಿಗೆ ಮರಳಲಿಲ್ಲ. ನಿರ್ದೇಶಕರ ಕೋಣೆಯ ಹೊರಗೆ ಸತ್ಯಾಗ್ರಹ ಹೂಡಿದರು. ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದ ತನ್ನನ್ನು ಯಾವ ಕಾರಣಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದನ್ನು ತಿಳಿಸಬೇಕೆಂಬುದು ಅವರ ಬೇಡಿಕೆ. ದೇಶದ ಗಾಳಿಯಲ್ಲೇ ಸತ್ಯಾಗ್ರಹವಿದ್ದ ಕಾಲ ಅದು. ಮರುವರ್ಷ, 1934ರಲ್ಲಿ, ಗಾಂಧೀಜಿ ಹರಿಜನ ಯಾತ್ರೆಯ ಅಂಗವಾಗಿ ಕೊಡಗಿಗೆ ಬಂದಾಗ ಅವರು ತನ್ನ ಮನೆಗೂ ಬರಬೇಕೆಂದು ಉಪವಾಸ ಕುಳಿತು, ಬಂದವರ ಕೈಗೆ ತನ್ನ ಒಡವೆಗಳನ್ನು ಒಪ್ಪಿಸಿದ ಕೊಡಗಿನ ಗೌರಮ್ಮನ ಸಂಗತಿ ಇಲ್ಲಿನ ಓದುಗರಿಗೆ ತಿಳಿದದ್ದೇ. ಗೌರಮ್ಮ ಹುಟ್ಟಿದ್ದು 1912ರಲ್ಲಿ. ಕಮಲಾ ಅವರಿಗಿಂತ ಒಂದು ವರ್ಷ ಕಿರಿಯಳು. ಒಬ್ಬಾಕೆ ಮಹಾತ್ಮನನ್ನು ಮನೆಗೆ ಬರಮಾಡಿಕೊಳ್ಳಲು, ಇನ್ನೊಬ್ಬಾಕೆ ವಿಜ್ಞಾನದ ಮನೆಯೊಳಗೆ ಕಾಲಿಡಲು ಒಂದೇ ಬಗೆಯ ಹಟವನ್ನು ಹಿಡಿದದ್ದು ಆ ತಲೆಮಾರಿನ ಹೆಣ್ಣುಮಕ್ಕಳ ಮನಸ್ಸನ್ನು ತೋರಿಸುತ್ತದೆ.

ರಾಮನ್ ಕೊನೆಗೆ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಆಕೆಯನ್ನು ಪೂರ್ಣ ಪ್ರಮಾಣದ ವಿದ್ಯಾರ್ಥಿನಿಯೆಂದು ಪರಿಗಣಿಸಲಾಗದು. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಸಮಾಧಾನ ತಂದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ತಡರಾತ್ರಿಯವರೆಗೂ ಕೆಲಸ ಮಾಡಬೇಕು. ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು. ಈ ಕೊನೆಯ ಷರತ್ತು ಕಮಲಾ ಅವರನ್ನು ಬಹಳ ನೋಯಿಸಿತು. ಅವರು ಒಪ್ಪಿಕೊಂಡರು, ಆದರೆ ಮರೆಯಲಿಲ್ಲ. ಆರು ದಶಕಗಳ ನಂತರ ವೃದ್ಧಾಪ್ಯದಲ್ಲಿ ಮಹಿಳಾ ವಿಜ್ಞಾನಿಗಳ ಮುಂದೆ ಮಾತನಾಡುವಾಗಲೂ, ರಾಮನ್ ಮಹಾವಿಜ್ಞಾನಿಯಾಗಿದ್ದರೂ ಈ ವಿಷಯದಲ್ಲಿ ಸಣ್ಣ ಮನಸ್ಸಿನವರಾಗಿದ್ದರೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ರಾಮನ್ ಅವರ ಮೇಲಿನ ಗೌರವದಿಂದ ಈ ಪ್ರಸಂಗವನ್ನು ಮೃದುಗೊಳಿಸಿ ಹೇಳುವ ರೂಢಿ ನಮ್ಮಲ್ಲಿದೆ. ಅವಮಾನವನ್ನು ಅನುಭವಿಸಿದಾಕೆಯೇ ಅದನ್ನು ಮೃದುಗೊಳಿಸದಿರುವಾಗ ಉಳಿದವರಿಗೆ ಆ ಅಗತ್ಯವಿಲ್ಲ.

ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯ. ಜೀವರಸಾಯನಶಾಸ್ತ್ರ ವಿಭಾಗದ ಈ ಶಿಸ್ತಿನ ಮನುಷ್ಯನ ಹೆಸರು ಕೊಡಗಿನ ಮಣ್ಣಿಗೂ ಪರೋಕ್ಷವಾಗಿ ತಳಕು ಹಾಕಿಕೊಂಡಿದೆ. ಗಂಧದ ಮರಗಳ ಎಲೆಗಳನ್ನು ಕಿರಿದಾಗಿಸಿ, ಮರವನ್ನೇ ಒಣಗಿಸಿ ಕೊಲ್ಲುವ ಸ್ಪೈಕ್ ರೋಗ 1899ರಲ್ಲಿ ಮೊದಲು ವರದಿಯಾದದ್ದು ಕೊಡಗಿನಲ್ಲಿ. ಆ ರೋಗದ ಬೆನ್ನು ಹತ್ತಿದ ವಿಜ್ಞಾನಿಗಳಲ್ಲಿ ಶ್ರೀನಿವಾಸಯ್ಯನವರು ಪ್ರಮುಖರು. ಸಂಸ್ಥೆಯ ನಿಯತಕಾಲಿಕೆಯಲ್ಲಿ 1920ರ ದಶಕದಿಂದಲೇ ಅವರ ಪ್ರಬಂಧಗಳು ಪ್ರಕಟವಾಗಿದ್ದವು. ಅಂಥವರ ಕೈಕೆಳಗೆ ಕಮಲಾ ಕೈಗೆತ್ತಿಕೊಂಡದ್ದು ಗಂಧವನ್ನಲ್ಲ, ಬಡವರ ಪಾಲಿನ ಮಾಂಸವೆನಿಸಿದ ಬೇಳೆಕಾಳುಗಳನ್ನು.

ಬೇಳೆಕಾಳುಗಳಲ್ಲಿ ಪ್ರೋಟೀನು ಹೇರಳವಾಗಿದೆ ಎಂಬುದು ಆಗಲೂ ತಿಳಿದಿದ್ದ ಸಂಗತಿ. ಆದರೆ ಕಾಳಿನಲ್ಲಿರುವ ಸಾರಜನಕವೆಲ್ಲವೂ ಪ್ರೋಟೀನಿನದ್ದೇ? ಅಲ್ಲವಾದರೆ ಉಳಿದದ್ದು ಏನು, ಎಷ್ಟು? ಈ ಪ್ರಶ್ನೆ ಒಣ ಲೆಕ್ಕಾಚಾರದಂತೆ ತೋರಬಹುದು. ಸಾರಜನಕವನ್ನು ಅಳೆದು ಅದರಿಂದ ಪ್ರೋಟೀನನ್ನು ಲೆಕ್ಕ ಹಾಕುವುದೇ ಆಹಾರ ವಿಶ್ಲೇಷಣೆಯ ವಾಡಿಕೆಯಾಗಿರುವುದರಿಂದ, ಪ್ರೋಟೀನೇತರ ಸಾರಜನಕ ಹೆಚ್ಚಿದ್ದರೆ ಆ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ. ಕಾಗದದ ಮೇಲೆ ಪುಷ್ಟಿಕರವಾಗಿ ಕಾಣುವ ಊಟ ಮೈಗೆ ಹತ್ತದೇ ಹೋಗುತ್ತದೆ. ದ್ವಿದಳ ಧಾನ್ಯಗಳ ಪ್ರೋಟೀನೇತರ ಸಾರಜನಕವನ್ನು ಕುರಿತು ಕಮಲಾ ಮತ್ತು ಶ್ರೀನಿವಾಸಯ್ಯನವರ ಪ್ರಬಂಧ 1935ರಲ್ಲಿ ಇಂಗ್ಲೆಂಡಿನ ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹಾಲಿನ ಪ್ರೋಟೀನುಗಳ ಮೇಲೂ ಅವರು ಕೆಲಸ ಮಾಡಿದರು. 1936ರಲ್ಲಿ ಎಂ.ಎಸ್‌ಸಿ. ಪದವಿ ವಿಶೇಷ ಶ್ರೇಣಿಯಲ್ಲಿ ದೊರೆಯಿತು.

ಅಷ್ಟರಲ್ಲಿ ರಾಮನ್ ಅವರ ಅಭಿಪ್ರಾಯವೂ ಬದಲಾಗಿತ್ತು. ಒಂದು ವರ್ಷದ ಪರೀಕ್ಷಾವಧಿ ಮುಗಿದಾಗ ಅವರು ಕಮಲಾ ಅವರ ಪ್ರವೇಶವನ್ನು ಪೂರ್ಣಗೊಳಿಸಿದ್ದಲ್ಲದೆ, ಅನಂತರ ಬಂದ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆದರು. ಹವಾಮಾನ ವಿಜ್ಞಾನಿಯಾಗಿ ಖ್ಯಾತರಾದ ಅನ್ನಾ ಮಣಿ 1940ರಲ್ಲಿ ರಾಮನ್ ಅವರದೇ ಪ್ರಯೋಗಶಾಲೆಗೆ ಸೇರುವ ಹೊತ್ತಿಗೆ ಸತ್ಯಾಗ್ರಹದ ಅಗತ್ಯ ಉಳಿದಿರಲಿಲ್ಲ.

ಬೊಂಬಾಯಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನದ ನೆರವಿನಿಂದ ಕಮಲಾ 1937ರಲ್ಲಿ ಕೇಂಬ್ರಿಜ್ಜಿಗೆ ತೆರಳಿ ನ್ಯೂನ್ಹ್ಯಾಮ್ ಕಾಲೇಜನ್ನು ಸೇರಿದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್. ಜೀವಸತ್ವಗಳ ಮೇಲಿನ ಕೆಲಸಕ್ಕಾಗಿ 1929ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಿದ್ದವರು. ಪ್ರಯೋಗಶಾಲೆ ಕಿಕ್ಕಿರಿದಿತ್ತು, ಹೊಸಬರಿಗೆ ಮೇಜಿಲ್ಲ. ರಾತ್ರಿ ಹೊತ್ತು ಕೆಲಸ ಮಾಡುತ್ತಿದ್ದ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ಹಗಲಿನಲ್ಲಿ ತಮ್ಮ ಮೇಜನ್ನು ಬಳಸಿಕೊಳ್ಳುವಂತೆ ಹೇಳಿದರು. ಬೆಂಗಳೂರಿನಲ್ಲಿ ಷರತ್ತುಗಳ ಮೇಲೆ ದೊರೆತ ಜಾಗ ಇಲ್ಲಿ ಕೇಳದೆಯೇ ದೊರೆಯಿತು. ಇಬ್ಬರೂ ಸೇರಿ ನಡೆಸಿದ ಕಿಣ್ವಗಳ ಅಧ್ಯಯನ ಪ್ರಬಂಧಗಳ ರೂಪದಲ್ಲಿ ಹೊರಬಂದಿತು.

ರಿಕ್ಟರ್ ಬೇರೆಡೆಗೆ ಹೋದ ಬಳಿಕ ರಾಬಿನ್ ಹಿಲ್ ಮಾರ್ಗದರ್ಶಕರಾದರು. ಇಲ್ಲಿ ಕಮಲಾ ಕೈಗೆ ಬಂದದ್ದು ಆಲೂಗೆಡ್ಡೆ. ಪ್ರಾಣಿಗಳ ಜೀವಕೋಶದಲ್ಲಿ ಉಸಿರಾಟದ ಕ್ರಿಯೆಯನ್ನು ನಡೆಸುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯದ ಜೀವಕೋಶದಲ್ಲೂ ಇದೆಯೆಂಬುದನ್ನು ಅವರು ಕಂಡುಕೊಂಡರು. ಗಿಡವೂ ಮನುಷ್ಯನೂ ತಿಂದುದನ್ನು ಶಕ್ತಿಯಾಗಿಸಿಕೊಳ್ಳುವ ಬಗೆ ಮೂಲದಲ್ಲಿ ಒಂದೇ ಎಂಬುದಕ್ಕೆ ಇದು ಆಧಾರವಾಯಿತು. ಹಿಲ್ ಅವರೊಂದಿಗೆ ಬರೆದ ಟಿಪ್ಪಣಿ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇವಲ 14 ತಿಂಗಳ ದುಡಿಮೆಯ ಫಲವಾಗಿದ್ದ, ಕೇವಲ 40 ಪುಟಗಳ ಪ್ರಬಂಧಕ್ಕೆ ಅದೇ ವರ್ಷ ಪಿಎಚ್.ಡಿ. ದೊರೆಯಿತು. ಸಾವಿರ ಪುಟಗಳ ಮಹಾಪ್ರಬಂಧಗಳನ್ನು ತೂಕಕ್ಕೆ ಹಾಕುವವರು ಈ 40 ಪುಟಗಳನ್ನೊಮ್ಮೆ ನೆನೆಯಬಹುದು.

ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಕಮಲಾ ಅವರನ್ನು ಕರೆಯುವುದು ವಾಡಿಕೆ. ಈ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ವಿರಾಜಪೇಟೆಯಿಂದ ಮಾಕುಟ್ಟ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯ ಇ.ಕೆ. ಜಾನಕಿ ಅಮ್ಮಾಳ್ ಸಸ್ಯಶಾಸ್ತ್ರದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದದ್ದು 1931ರಲ್ಲಿ. ಪದವಿಯ ಹೆಸರಿನಲ್ಲಿ ವ್ಯತ್ಯಾಸವಿರಬಹುದು, ಸಾಧನೆಯಲ್ಲಿಲ್ಲ. ಮೊದಲಿಗರೆಂಬ ಬಿರುದಿಲ್ಲದೆಯೂ ಕಮಲಾ ಅವರ ಕೆಲಸ ನಿಲ್ಲುವಂಥದ್ದು.

ಕೇಂಬ್ರಿಜ್ಜಿನಲ್ಲೇ ಉಳಿಯುವ ಅವಕಾಶವಿದ್ದರೂ ಅವರು 1939ರಲ್ಲಿ ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿಂದ ನೀಲಗಿರಿಯ ಕೂನೂರಿನ ಪೋಷಣ ಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಬಂದು ಜೀವಸತ್ವಗಳ ಪರಿಣಾಮವನ್ನು ಕುರಿತು ಕೆಲಸ ಮಾಡಿದರು.

ಕೂನೂರಿನ ಬಗ್ಗೆ ಒಂದು ಮಾತು. ಭಾರತದ ಪೋಷಣಶಾಸ್ತ್ರ ಹುಟ್ಟಿದ್ದು ಕೊಡಗಿನಂಥದ್ದೇ ಆದ ಈ ಮಲೆಯೂರಿನಲ್ಲಿ. 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾ ವೈದ್ಯರು ಅಲ್ಲಿ ಆರಂಭಿಸಿದ ಪುಟ್ಟ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಮೆಕ್ಯಾರಿಸನ್ ಇಲಿಗಳನ್ನು ಏಳು ಗುಂಪು ಮಾಡಿ ದೇಶದ ಏಳು ಕಡೆಯ ಊಟವನ್ನು ಅವಕ್ಕೆ ತಿನ್ನಿಸಿ ನೋಡಿದರು. ಗೋಧಿ, ಹಾಲು, ಬೆಣ್ಣೆ, ಸೊಪ್ಪುಗಳ ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಅನ್ನವೇ ಪ್ರಧಾನವಾದ ಮದರಾಸಿನ ಊಟದವು ಎಲ್ಲಕ್ಕಿಂತ ಸೊರಗಿದವು. ಏಳರಲ್ಲಿ ಕನ್ನಡಿಗರ ಊಟವೂ ಒಂದಾಗಿತ್ತು. ಅದಕ್ಕೆ ದೊರೆತ ಸ್ಥಾನ ಐದನೆಯದು. ಹಂದಿಮಾಂಸ, ಅಕ್ಕಿರೊಟ್ಟಿ, ಕಡಂಬುಟ್ಟು, ಕಾಡುಸೊಪ್ಪುಗಳ ಕೊಡಗಿನ ಊಟ ಆ ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೆ ಎಷ್ಟನೆಯದಾಗುತ್ತಿತ್ತೆಂಬುದು ಇಲ್ಲಿನ ಮನೆಗಳ ಜಗುಲಿಯಲ್ಲಿ ಒಂದು ಸಂಜೆಯ ಚರ್ಚೆಗೆ ಸಾಕಾಗುವ ವಿಷಯ. ಮೆಕ್ಯಾರಿಸನ್ ಅವರ ಉತ್ತರಾಧಿಕಾರಿ ಡಬ್ಲ್ಯು.ಆರ್. ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪಟ್ಟಿಯನ್ನು ಹೊರತಂದರು. ಅದರ ಪರಿಷ್ಕೃತ ರೂಪಗಳನ್ನು ಓದದೆ ಇಂದಿಗೂ ಯಾರೂ ಆಹಾರತಜ್ಞರಾಗುವುದಿಲ್ಲ.

1947ರಲ್ಲಿ ಕಮಲಾ ವಿಮಾಗಣಿತ ತಜ್ಞರಾದ ಎಂ.ವಿ. ಸೋಹೋನಿಯವರನ್ನು ವಿವಾಹವಾಗಿ ಬೊಂಬಾಯಿಗೆ ಬಂದರು. 1949ರಲ್ಲಿ ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾದರು. ಅವರ ಜೀವನದ ಅತ್ಯಂತ ಫಲವತ್ತಾದ ಎರಡು ದಶಕಗಳು ಇಲ್ಲಿ ಕಳೆದವು. ಬೆಂಗಳೂರಿನಲ್ಲಿ ಬಿಟ್ಟುಹೋಗಿದ್ದ ಕಾಳುಗಳಿಗೆ ಅವರು ಮರಳಿದ್ದೂ ಇಲ್ಲಿಯೇ.

ಅವುಗಳಲ್ಲಿ ಕನ್ನಡನಾಡಿನ ಓದುಗರಿಗೆ ಹತ್ತಿರವಾದದ್ದು ಅವರೆ. ಚಳಿಗಾಲದಲ್ಲಿ ಮೈಸೂರು ಬಯಲಿನಿಂದ ಸೊಗಡಿನ ಅವರೆ ಘಟ್ಟ ಹತ್ತಿ ಬರುವುದು, ಅಕ್ಕಿರೊಟ್ಟಿಯ ಜೊತೆ ಅದು ಕೂಡುವುದು ಎಲ್ಲರಿಗೂ ಗೊತ್ತು. ಆ ಅವರೆಯನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಏಕೆ? ನಮ್ಮ ಕರುಳಿನಲ್ಲಿ ಪ್ರೋಟೀನನ್ನು ತುಂಡರಿಸಿ ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವವಿದೆ. ಕೆಲವು ಕಾಳುಗಳಲ್ಲಿ ಈ ಟ್ರಿಪ್ಸಿನ್ನಿನ ಕೈಕಟ್ಟುವ ಪದಾರ್ಥವಿರುತ್ತದೆ. ಹಾಗಾಗಿ ಕಾಳಿನಲ್ಲಿ ಪ್ರೋಟೀನು ಎಷ್ಟೇ ಇದ್ದರೂ ಅದು ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಕಮಲಾ ಮತ್ತು ಅವರ ವಿದ್ಯಾರ್ಥಿಗಳು 1950ರ ದಶಕದಲ್ಲಿ ಭಾರತೀಯ ಆಹಾರ ಪದಾರ್ಥಗಳಲ್ಲಿ ಈ ಪ್ರತಿಬಂಧಕಗಳನ್ನು ಹುಡುಕುತ್ತ ಹೋಗಿ, ಅವರೆ ಮತ್ತು ಡಬಲ್ ಬೀನ್ಸ್‌ಗಳಿಂದ ಅವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅನಂತರ ಅವರೆಯಲ್ಲಿ ಇನ್ನೊಂದು ವಸ್ತುವನ್ನೂ ಗುರುತಿಸಿದರು: ರಕ್ತದ ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟುಗಟ್ಟಿಸುವ ಪ್ರೋಟೀನು. ಅದು ಇಲಿಗಳ ಬೆಳವಣಿಗೆಯ ಮೇಲೆ ಬೀರುವ ಪರಿಣಾಮವನ್ನು ಕುರಿತ ಪ್ರಬಂಧಗಳು 1960ರ ದಶಕದ ನಡುವಿನಲ್ಲಿ ಬಂದವು.

ಈ ಎರಡೂ ವಿರೋಧಿಗಳನ್ನು ಮಣಿಸುವ ಉಪಾಯ ಅಡುಗೆಮನೆಯಲ್ಲೇ ಇದೆ. ಚೆನ್ನಾಗಿ ಬೇಯಿಸಬೇಕು, ಅಷ್ಟೆ. ಕೊಡಗಿನಲ್ಲಿ ಮಳೆಗಾಲದ ಕಣಿಲೆಯನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸಿ ಆಮೇಲೆ ಬೇಯಿಸುವ ಅಜ್ಜಿಯಂದಿರಿಗೆ ಅದರಲ್ಲಿರುವ ಸಯನೈಡು ಅಂಶದ ಹೆಸರು ತಿಳಿದಿರಲಿಲ್ಲ, ಆದರೆ ಅದನ್ನು ಕಳೆಯುವ ವಿಧಾನ ತಿಳಿದಿತ್ತು. ಅವರೆಯ ವಿಷಯದಲ್ಲೂ ಅದೇ ಮಾತು. ಹಾಗಾದರೆ ವಿಜ್ಞಾನ ಏನು ಮಾಡಿದಂತಾಯಿತು ಎಂದು ಕೇಳಬಹುದು. ಯಾವ ಕಾಳನ್ನು ಎಷ್ಟು ಬೇಯಿಸಬೇಕು, ಯಾವುದನ್ನು ಹಸಿಹಿಟ್ಟಾಗಿ ಮಗುವಿನ ಆಹಾರಕ್ಕೆ ಬೆರೆಸಬಾರದು, ಅಗ್ಗದ ಕಾಳಿನಿಂದ ಸಾವಿರಾರು ಮಕ್ಕಳಿಗೆ ಪುಷ್ಟಿಯ ಹಿಟ್ಟು ತಯಾರಿಸುವಾಗ ಯಾವ ಎಚ್ಚರ ಬೇಕು ಎಂಬುದನ್ನು ಅಜ್ಜಿಯ ರೂಢಿಯೊಂದೇ ಹೇಳಲಾರದು. ಆಸ್ಪತ್ರೆಯಲ್ಲಿ ರೋಗಿಗೆ ಊಟದ ಪಟ್ಟಿ ಬರೆದುಕೊಡುವ ಡಯಟೀಷಿಯನ್ ಇಂಥ ಪ್ರಯೋಗಗಳ ಫಲವನ್ನೇ ನಿತ್ಯ ಬಳಸುತ್ತಾರೆ.

ಇನ್ನೊಂದು ಕೆಲಸ ನೀರಾವನ್ನು ಕುರಿತದ್ದು. ತಾಳೆಯ ಜಾತಿಯ ಮರಗಳಿಂದ ಇಳಿಸಿದ, ಇನ್ನೂ ಹುಳಿಯದ ಸಿಹಿರಸವಿದು. ಬೈನೆ ಮರದ ಕಳ್ಳನ್ನು ಬಲ್ಲ ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ 1949ರ ಪಾನನಿಷೇಧ ಕಾಯಿದೆ ಬಂದ ಮೇಲೆ ಮರವನ್ನೇ ನಂಬಿದ್ದವರಿಗೆ ಹುಳಿಯದ ರಸ ಮತ್ತು ಅದರ ಬೆಲ್ಲವಷ್ಟೇ ದಾರಿಯಾಗಿ ಉಳಿದಿತ್ತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ಕಮಲಾ ನೀರಾದ ಪೌಷ್ಟಿಕ ಗುಣವನ್ನು ಪರೀಕ್ಷೆಗೆ ಒಡ್ಡಿದರು. ಸಿ ಜೀವಸತ್ವ ಹಾಗೂ ಕಬ್ಬಿಣದ ಅಂಶ ಅದರಲ್ಲಿವೆಯೆಂದೂ, ಬುಡಕಟ್ಟು ಸಮುದಾಯಗಳ ಅಪೌಷ್ಟಿಕ ಮಕ್ಕಳು ಮತ್ತು ಬಸುರಿಯರ ಆಹಾರದಲ್ಲಿ ಅದನ್ನು ಸೇರಿಸಿದಾಗ ಆರೋಗ್ಯ ಸುಧಾರಿಸಿತೆಂದೂ ಅವರ ತಂಡ ವರದಿ ಮಾಡಿತು. ಈ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಬಂದಿತು. ಬೊಂಬಾಯಿಯ ಆರೆ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದರು.

ಇಷ್ಟಾದರೂ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಸುಲಭವಾಗಿ ದೊರೆಯಲಿಲ್ಲ. ಅರ್ಹತೆ ಇದ್ದೂ ನಾಲ್ಕು ವರ್ಷಗಳ ಕಾಲ ಅವರನ್ನು ಅದರಿಂದ ದೂರವಿಡಲಾಯಿತೆಂದು, ಹೆಣ್ಣೆಂಬುದೇ ಅದಕ್ಕೆ ಕಾರಣವೆಂದು ನಂಬಲಾಗಿದೆ. ಕಡೆಗೆ ಆ ಪೀಠವನ್ನೇರಿದಾಗ ಕೇಂಬ್ರಿಜ್ಜಿನಲ್ಲಿ ಮೇಜು ಬಿಟ್ಟುಕೊಟ್ಟಿದ್ದ ರಿಕ್ಟರ್ ದೂರದಿಂದಲೇ ಸಂತೋಷಪಟ್ಟರು. ಬೆಂಗಳೂರಿನಲ್ಲಿ ಒಂದು ದಿನ ಬಾಗಿಲ ಹೊರಗೆ ಕೂತದ್ದು ಎಲ್ಲರ ಕಣ್ಣಿಗೆ ಕಂಡಿತ್ತು. ಬೊಂಬಾಯಿಯ ಕಾಯುವಿಕೆ ಕಡತಗಳ ಒಳಗೆ ನಡೆದದ್ದರಿಂದ ಯಾರಿಗೂ ಕಾಣಲಿಲ್ಲ. ಅವೆರಡರಲ್ಲಿ ಯಾವುದು ಹೆಚ್ಚು ಕಠಿಣವಾಗಿತ್ತೋ.

ನಿವೃತ್ತಿಯ ನಂತರ ಅವರು ಗ್ರಾಹಕ ಚಳವಳಿಯತ್ತ ಹೊರಳಿದರು. 1966ರಲ್ಲಿ ಮುಂಬಯಿಯ ಗೃಹಿಣಿಯರ ಮುಂದಾಳತ್ವದಲ್ಲಿ ಆರಂಭವಾದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದು 1982–83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಕೀಮತ್ ಪತ್ರಿಕೆಗೆ ಗ್ರಾಹಕರ ಸುರಕ್ಷತೆಯ ಬಗ್ಗೆ ಲೇಖನಗಳನ್ನು ಬರೆದರು. ಕೇಂಬ್ರಿಜ್ಜಿನ ಪಿಎಚ್.ಡಿ.ಯ ಜ್ಞಾನ ಕಿರಾಣಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಹೆಂಗಸಿನ ಉಪಯೋಗಕ್ಕೆ ಬಂತು.

ಇಷ್ಟೆಲ್ಲ ಮಾಡಿದಾಕೆಯನ್ನು ದೇಶ ಬಹುಮಟ್ಟಿಗೆ ಮರೆತೇಬಿಟ್ಟಿತ್ತು. ತೊಂಬತ್ತರ ದಶಕದಲ್ಲಿ ಕೆಲವರು ಹುಡುಕಿ ಗುರುತಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1998ರಲ್ಲಿ ದೆಹಲಿಯಲ್ಲಿ ಅವರ ಸನ್ಮಾನಕ್ಕೆ ಸಮಾರಂಭವನ್ನು ಏರ್ಪಡಿಸಿತು. ಆ ಸಮಾರಂಭದಲ್ಲೇ ಕಮಲಾ ಸೋಹೋನಿ ಕುಸಿದರು; ಅನಂತರ ಹೆಚ್ಚು ದಿನ ಬದುಕಲಿಲ್ಲ. ಆಗ ಅವರಿಗೆ ಎಂಬತ್ತೇಳು ವರ್ಷ. ಅವರ 112ನೆಯ ಜನ್ಮದಿನವಾದ 2023ರ ಜೂನ್ 18ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ಹಾಕಿತು. ಅನೇಕರು ಆ ಹೆಸರನ್ನು ಮೊದಲ ಬಾರಿಗೆ ಓದಿದ್ದು ಆ ದಿನವೇ.